ಜೂಜಿನ ಹಣ ಮತ್ತು ಊರಿನ ವ್ಯಾಪಾರ

ಕ್ಯಾಸಿನೊ ಬಂದರೆ ಊರಿಗೆ ಉದ್ಯೋಗ, ಹೊಟೇಲುಗಳಿಗೆ ಗಿರಾಕಿ, ಸರಕಾರಕ್ಕೆ ತೆರಿಗೆ ಎಂಬುದು ಒಂದು ವಾದ. ಜೂಜು ಮನೆ ಮುರಿಯುತ್ತದೆಂಬುದು ಇನ್ನೊಂದು ವಾದ. ನೀತಿಯ ಪ್ರಶ್ನೆಯನ್ನು ಬದಿಗಿರಿಸಿ, ಜಮಾ-ಖರ್ಚಿನ ದೃಷ್ಟಿಯಿಂದಲೂ ಈ ವಿಷಯವನ್ನು ಪರಿಶೀಲಿಸಬಹುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಕ್ಯಾಸಿನೊ ಇಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಂತೆ ಜೂಜುಕಟ್ಟೆ ನಡೆಸುವುದು ಅಪರಾಧ. ಆದರೂ ಇಲ್ಲಿಯ ಹಣ ಜೂಜಿಗೆ ಹೋಗುವುದು ನಿಂತಿಲ್ಲವಾದುದರಿಂದ ಈ ವಿಚಾರ ವರ್ತಕರಿಗೆ ಸಂಬಂಧಿಸಿದ್ದೇ ಆಗಿದೆ.

ಲಾಭ ಯಾರಿಗೆ?

ಜೂಜು ಯಾವ ವಸ್ತುವನ್ನೂ ಉತ್ಪಾದಿಸುವುದಿಲ್ಲ. ಒಬ್ಬನ ಜೇಬಿನ ಹಣ ಇನ್ನೊಬ್ಬನ ಜೇಬಿಗೆ ಹೋಗುತ್ತದೆ. ನಡುವೆ ಆಟ ನಡೆಸುವವನು ತನ್ನ ಪಾಲನ್ನು ತೆಗೆದುಕೊಳ್ಳುತ್ತಾನೆ. ಆದುದರಿಂದ ಊರಿಗೆ ಲಾಭವಾಗಬೇಕಾದರೆ ಎರಡು ಷರತ್ತುಗಳು ಪೂರೈಸಬೇಕು: ಆಡುವವನು ಹೊರಗಿನವನಾಗಿರಬೇಕು, ಆಟ ನಡೆಸುವವನ ಪಾಲು ಊರಿನಲ್ಲಿಯೇ ಖರ್ಚಾಗಬೇಕು.

ಗೋವಾ ಇದಕ್ಕೆ ಉದಾಹರಣೆ. ಅಲ್ಲಿ 1976ರ ಜೂಜು ಕಾಯ್ದೆಗೆ 1992ರಲ್ಲಿ ಹಾಗೂ ಆ ಬಳಿಕ ತಂದ ತಿದ್ದುಪಡಿಗಳಿಂದ ಪಂಚತಾರಾ ಹೊಟೇಲುಗಳಲ್ಲಿ ಮತ್ತು ಹಡಗುಗಳಲ್ಲಿ ಕ್ಯಾಸಿನೊಗಳಿಗೆ ದಾರಿಯಾಯಿತು. ಪಣಜಿಯ ಮಾಂಡೋವಿ ನದಿಯ ಹಡಗುಗಳಿಗೆ ನೆರೆರಾಜ್ಯಗಳ ಜನ ಹೋಗುತ್ತಾರೆ. ಪರವಾನಿಗೆ ಶುಲ್ಕ, ಜಿ.ಎಸ್.ಟಿ.ಯ ರಾಜ್ಯದ ಪಾಲು, ಸಿಬ್ಬಂದಿಯ ಸಂಬಳ ಎಲ್ಲವೂ ಗೋವಾಕ್ಕೆ ಸಲ್ಲುತ್ತವೆ. ಹೀಗಿದ್ದರೂ 2020ರ ಫೆಬ್ರವರಿಯಿಂದ ಗೋವಾದವರೇ ಕ್ಯಾಸಿನೊಗಳಲ್ಲಿ ಆಡುವುದನ್ನು ಅಲ್ಲಿಯ ಸರಕಾರ ನಿರ್ಬಂಧಿಸಿತು. ಸ್ವಂತ ಜನರ ಸೋಲು ರಾಜ್ಯಕ್ಕೆ ಆದಾಯವಲ್ಲವೆಂಬುದು ಇದರಿಂದ ಸ್ಪಷ್ಟ.

ಮೂರು ತಾಲೂಕುಗಳ ಸ್ಥಿತಿ

ಇಲ್ಲಿಯ ಪರಿಸ್ಥಿತಿ ಗೋವಾದ್ದಕ್ಕೆ ತದ್ವಿರುದ್ಧ. ಕರ್ನಾಟಕವು 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಆದರೆ ಕಲ್ಲಡ್ಕ–ಚೆರ್ಕಳ ರಸ್ತೆಯಲ್ಲಿ ಸಾರಡ್ಕ ದಾಟಿದರೆ ಕೇರಳ. ಅಲ್ಲಿ 1967ರಲ್ಲಿ ಸ್ಥಾಪನೆಯಾದ ಸರಕಾರಿ ಲಾಟರಿ ಇಂದಿಗೂ ನಡೆಯುತ್ತಿದೆ. ಮೊಬೈಲಿನ ಆಟಗಳಿಗೆ ಗಡಿಯೇ ಇಲ್ಲ. ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಕಾನೂನು ತಡೆದಷ್ಟು ಸರಿ. ಉಳಿದದ್ದರಲ್ಲಿ ಆಡುವವನು ಊರಿನವನು, ಗಳಿಸುವವನು ಹೊರಗಿನವನು.

ಒಂದು ಲೆಕ್ಕವನ್ನು ಊಹಿಸೋಣ. 1,000 ಮಂದಿ ದಿನಕ್ಕೆ ತಲಾ ರೂ. 50ರಂತೆ ತಿಂಗಳಿಗೆ 25 ದಿನ ಹೊರಗಿನ ಜೂಜಿಗೆ ಹಣ ಹಾಕಿದರೆ ಮೊತ್ತ ರೂ. 12,50,000. ಅರ್ಧಾಂಶ ಬಹುಮಾನವಾಗಿ ಮರಳಿದರೂ ರೂ. 6,25,000 ಊರು ಬಿಟ್ಟು ಹೋಗುತ್ತದೆ, ವರ್ಷಕ್ಕೆ ರೂ. 75 ಲಕ್ಷ. ಬೀಡಿ ಕಟ್ಟುವವರ, ತೋಟದ ಕೂಲಿಯವರ ಮನೆಗಳಿಂದ ಹೋಗುವ ಈ ಹಣ ಜೀನಸು ಅಂಗಡಿಗೂ ಬಟ್ಟೆ ಅಂಗಡಿಗೂ ಬರಬೇಕಾಗಿದ್ದ ಹಣ. ವ್ಯಾಪಾರ ಕುಗ್ಗುವ ಮೊದಲು ಉದ್ರಿ ಬೆಳೆಯುತ್ತದೆ. ಉದ್ರಿ ವಸೂಲಾಗದ ವರ್ತಕ ಸಗಟು ವ್ಯಾಪಾರಿಗೆ ಬಾಕಿಯಾಗುತ್ತಾನೆ. ಹೀಗೆ ಎಂದೂ ಆಡದವನೂ ನಷ್ಟದಲ್ಲಿ ಪಾಲುದಾರನಾಗುತ್ತಾನೆ.

ತೆರಿಗೆ ಮತ್ತು ಬಂಡವಾಳ

ಲಾಟರಿ, ಇಸ್ಪೀಟು ಮೊದಲಾದವುಗಳ ಗೆಲುವಿನ ಮೇಲೆ ಶೇ. 30 ಆದಾಯ ತೆರಿಗೆಯಿದೆ. ಸೋತ ಹಣವನ್ನು ಅದರಲ್ಲಿ ಕಳೆಯುವಂತಿಲ್ಲ, ವ್ಯಾಪಾರದ ಲಾಭದಲ್ಲಿಯೂ ವಜಾ ಮಾಡುವಂತಿಲ್ಲ. ವರ್ಷದಲ್ಲಿ ರೂ. 1,00,000 ಹಾಕಿ ರೂ. 60,000 ಗೆದ್ದವನು ರೂ. 40,000 ಕಳೆದುಕೊಂಡಿದ್ದರೂ, ಸೆಸ್ ಹೊರತುಪಡಿಸಿ, ರೂ. 18,000 ತೆರಿಗೆ ತೆರಬೇಕು. ಒಟ್ಟು ನಷ್ಟ ರೂ. 58,000. ಶೇ. 10ರ ಲಾಭಾಂಶದಲ್ಲಿ ವ್ಯಾಪಾರ ಮಾಡುವವನು ಇದನ್ನು ತುಂಬಿಕೊಳ್ಳಲು ರೂ. 5,80,000ದ ಹೆಚ್ಚುವರಿ ಮಾರಾಟ ಮಾಡಬೇಕಾಗುತ್ತದೆ.

ಎರಡಾಣೆಯ ಪಾಠ

ಸಣ್ಣ ಹಣವನ್ನು ದಿನವೂ ಸಂಗ್ರಹಿಸುವ ವಿದ್ಯೆ ಈ ಕರಾವಳಿಗೆ ಹೊಸತಲ್ಲ. ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯು 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಮಟ್ಕಾದವನೂ ಪಿಗ್ಮಿಯವನೂ ಅದೇ ಬೀದಿಯಲ್ಲಿ, ಅದೇ ಜನರಿಂದ ಚಿಲ್ಲರೆ ಹಣವನ್ನು ಪಡೆಯುತ್ತಾರೆ. ಒಂದು ಹಣ ಠೇವಣಿಯಾಗಿ, ಸಾಲವಾಗಿ, ಗೋಡಂಬಿ ಕಾರ್ಖಾನೆಯ ಯಂತ್ರವಾಗಿ ಊರಿನಲ್ಲಿಯೇ ತಿರುಗುತ್ತದೆ. ಇನ್ನೊಂದು ತಿರುಗಿ ಬರುವುದಿಲ್ಲ.

ಹೊರಗಿನ ಹಣ ಊರಿಗೆ ಬರಬೇಕೆಂಬ ಆಶಯ ಯೋಗ್ಯವಾದುದೇ. ಧರ್ಮಸ್ಥಳದ ಯಾತ್ರಿಕರು, ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಕಂಬಳಕ್ಕೂ ಬರುವ ಪ್ರೇಕ್ಷಕರು ಆ ಹಣವನ್ನು ಈಗಾಗಲೇ ತರುತ್ತಿದ್ದಾರೆ. ವರ್ತಕರು ಮಾಡಬಹುದಾದ ಕೆಲಸಗಳು ಮೂರು: ವ್ಯಾಪಾರದ ನಗದನ್ನು ಮನೆಖರ್ಚಿನಿಂದ ಪ್ರತ್ಯೇಕವಾಗಿಡುವುದು, ಉದ್ರಿಯ ಬಾಕಿಯನ್ನು ತಿಂಗಳಿಗೊಮ್ಮೆ ಪಟ್ಟಿಮಾಡಿ, ಕಾರಣವಿಲ್ಲದೆ ಬೆಳೆದ ಖಾತೆಗಳನ್ನು ವಿಚಾರಿಸುವುದು, ಸಂಬಳದ ಒಂದಂಶ ಪಿಗ್ಮಿಗೆ ಹೋಗುವಂತೆ ನೌಕರರನ್ನು ಪ್ರೋತ್ಸಾಹಿಸುವುದು. ಈ ಮೂರರಲ್ಲಿ ಯಾವುದಕ್ಕೂ ಹೊಸ ಬಂಡವಾಳ ಬೇಡ.