ಪಾಠ 9: ತಲೆನೋವಿಗೂ ಹಲ್ಲಿಗೂ ಏನು ಸಂಬಂಧ?

ಹುಣಸಗಿ ಸೀಮೆ. ನಾರಾಯಣಪುರದ ಕಾಲುವೆಗೆ ನೀರು ಬಂದಿದೆ. ಹೊಲಗಳಲ್ಲಿ ಭತ್ತದ ನಾಟಿ ನಡೆದಿದೆ. ಒಬ್ಬ ತಾಯಿ ಮಾತ್ರ ತಲೆಗೆ ಬಟ್ಟೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಾಳೆ. ಆಶಾ ಅಕ್ಕ ಬಂದರು.

"ಯಾಕವ್ವಾ, ನಾಟಿ ಹಚ್ಚಾಕ ಹೋಗಿಲ್ಲೇನು?"

"ತಲಿ ಸಿಡೀತದ ಅಕ್ಕಾ. ಮುಂಜಾನೆ ಏಳೂದ್ರಾಗ ಸುರು ಆಗ್ತದ. ದಿನಾ ಅಂಗಡಿ ಗುಳಿಗಿ ನುಂಗ್ತೀನಿ. ಕೂಲಿನೂ ಹೋತು, ನೋವೂ ಹೋಗವಲ್ದು."

ಮಗಳು ನಡುವೆ ಬಾಯಿ ಹಾಕಿದಳು. "ರಾತ್ರಿ ಅವ್ವ ಕಟಕಟ ಹಲ್ಲು ಕಡೀತಾಳ. ನನಗ ಎಚ್ಚರ ಆಗ್ತದ."

"ನೋವಿನ ಬೇರು ಅಲ್ಲೇ ಅದ ನೋಡು," ಅಂದರು ಆಶಾ ಅಕ್ಕ.

ನೀವೂ ಮಾಡಿ ನೋಡಿ. ಕಣ್ಣಿಗೂ ಕಿವಿಗೂ ನಡುವೆ ಕಣತಲೆ ಇದೆ. ಎರಡೂ ಕಡೆ ಬೆರಳು ಇಡಿ. ಈಗ ಹಲ್ಲು ಒತ್ತಿ ಕಚ್ಚಿ. ಬೆರಳಿನ ಕೆಳಗೆ ಉಬ್ಬಿತಲ್ಲವೇ? ಅದು ದವಡೆಯನ್ನು ಎತ್ತುವ ಸ್ನಾಯು. ದಿನವಿಡೀ ಬಗ್ಗಿ ನಾಟಿ ಹಚ್ಚಿದರೆ ಸೊಂಟ ನೋಯುತ್ತದೆ. ರಾತ್ರಿ ಹಲ್ಲು ಕಡಿದರೆ ಈ ಸ್ನಾಯು ದಣಿಯುತ್ತದೆ. ಮುಂಜಾನೆ ತಲೆ ನೋಯುತ್ತದೆ.

ಹೊಟ್ಟೆಯಲ್ಲಿ ಜಂತು ಇದ್ದರೆ ಹಲ್ಲು ಕಡಿಯುತ್ತಾರೆ ಎಂಬ ಮಾತುಂಟು. ದೊಡ್ಡವರಲ್ಲಿ ಕಾರಣ ಹೆಚ್ಚಾಗಿ ಬೇರೆ. ಸಾಲದ ಚಿಂತೆ, ಮನೆಯ ಜಗಳ, ಅರೆನಿದ್ದೆ. ತಂಬಾಕು, ಹೆಚ್ಚು ಚಹಾ ಕೂಡ. "ಹಲ್ಲು ಕಚ್ಚಿಕೊಂಡು ಬಾಳುವೆ ಮಾಡು" ಎಂದು ಹೆಣ್ಣುಮಕ್ಕಳಿಗೆ ಹೇಳುವವರು ಬಹಳ. ಚಿಂತೆ ಇದ್ದರೆ ಗೆಳತಿಯ ಮುಂದಾದರೂ ಹೇಳಿಕೊಳ್ಳಿ.

ಊಟದ ಹೊತ್ತು ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಬೇಕಾಗಿಲ್ಲ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ರೊಟ್ಟಿ ಬಡಿಯುವಾಗ, ಕಳೆ ತೆಗೆಯುವಾಗ ಇದನ್ನು ನೆನಪು ಮಾಡಿಕೊಳ್ಳಿ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ. ಸಹಿಸುವಷ್ಟು ಬಿಸಿ ಇರಲಿ. ದವಡೆಗೆ 10-15 ನಿಮಿಷ ಇಡಿ. ಆಮೇಲೆ ಬೆರಳಿನಿಂದ ಮೆಲ್ಲಗೆ ತಿಕ್ಕಿ. ನೋವು ಇರುವಷ್ಟು ದಿನ ಖಡಕ್ ರೊಟ್ಟಿ ಬೇಡ. ಮೆತ್ತನೆಯ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಉಣ್ಣಿ. ಅಡಿಕೆ ಅಗಿಯುವುದನ್ನು ಬಿಡಿ.

ಅಂಗಡಿ ಗುಳಿಗೆಯನ್ನು ದಿನಾ ನುಂಗಬೇಡಿ. ಗುಳಿಗೆಯಿಂದಲೇ ತಲೆನೋವು ಹೆಚ್ಚಾಗಬಹುದು. ಹೊಟ್ಟೆಯಲ್ಲಿ ಹುಣ್ಣು ಆಗಬಹುದು.

ಎರಡು ವಾರದಲ್ಲಿ ನೋವು ಇಳಿಯದಿದ್ದರೆ, ಹಲ್ಲು ಸವೆದಿದ್ದರೆ, ಬಾಯಿ ಪೂರಾ ತೆರೆಯದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರಿಗೆ ತೋರಿಸಿ. ರಾತ್ರಿ ಹಲ್ಲಿನ ಮೇಲೆ ಹಾಕುವ ಕವಚದ ಬಗ್ಗೆ ಕೇಳಿ.

ಕೆಲವು ತಲೆನೋವು ಬೇರೆ. ಒಮ್ಮೆಲೇ ಸಿಡಿಲು ಹೊಡೆದಂತೆ ಬಂದರೆ, ಜ್ವರ ಬಂದು ಕುತ್ತಿಗೆ ಬಿಗಿದರೆ, ಕೈಕಾಲಿನ ಶಕ್ತಿ ಹೋದರೆ, ಕಣ್ಣು ಮಂಜಾದರೆ ತಡ ಮಾಡಬೇಡಿ. ಬಸುರಿ, ಬಾಣಂತಿಯರಿಗೆ ಜೋರಾದ ತಲೆನೋವು ಬಂದರೂ ಹಾಗೆಯೇ. 108ಕ್ಕೆ ಫೋನ್ ಮಾಡಿ.

ಓದಿ, ಬರೆಯಿರಿ: ದವಡೆ, ಕಣತಲೆ, ಸ್ನಾಯು, ಗುಳಿಗೆ, ಚಿಂತೆ.