ಬಿಚ್ಚಿಟ್ಟ ಕಾರನ್ನು ಮಾರಲೋ, ಮುಗಿಸಲೋ?

ಪ್ರಶ್ನೆ: ನಾನು ದಾವಣಗೆರೆ ಕಡೆಯವನು. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಎರಡು ವರ್ಷದ ಹಿಂದೆ ಆಸೆಪಟ್ಟು 1991ರ ಮಾಜ್ದಾ ಎಂಎಕ್ಸ್-5 ಕೊಂಡೆ. ಎರಡೇ ಸೀಟಿನ, ಟಾಪ್ ಮಡಚುವ, 1.6 ಲೀಟರ್ ಎಂಜಿನ್ನಿನ ಗಾಡಿ. ನಾನೇ ಹೊಸದರಂತೆ ಮಾಡುತ್ತೇನೆಂದು ಸೀಟು, ಕಾರ್ಪೆಟ್, ಬಂಪರ್, ಬ್ರೇಕ್ ಎಲ್ಲ ಬಿಚ್ಚಿದೆ. ಆಮೇಲೆ ಬಾಗಿಲ ಕೆಳಗಿನ ಸಿಲ್‌ನಲ್ಲಿ ಬೆರಳು ತೂರುವಷ್ಟು ತುಕ್ಕಿನ ತೂತು ಕಂಡಿತು. ಅಲ್ಲಿಂದ ಕೈಯೇ ಆಡುತ್ತಿಲ್ಲ. ಬಿಚ್ಚಿದ್ದೆಲ್ಲ ಡಬ್ಬಗಳಲ್ಲಿದೆ. ಯಾವ ಬೋಲ್ಟ್ ಎಲ್ಲಿಯದೆಂದು ಮರೆತುಹೋಗಿದೆ. ಹೆಂಡತಿ ಮೊದಮೊದಲು ನಗುತ್ತಿದ್ದಳು, ಈಗ ಗ್ಯಾರೇಜಿನ ಮಾತೆತ್ತಿದರೆ ಎದ್ದು ಹೋಗುತ್ತಾಳೆ. ಅಪ್ಪ ಫೋನಿನಲ್ಲಿ ‘ಗುಜರಿಗೆ ಹಾಕಿ ಕೈ ತೊಳಕೊಳೋ’ ಅನ್ನುತ್ತಾರೆ. ಮಾರಲು ಮನಸ್ಸಿಲ್ಲ, ಮುಗಿಸುವ ಧೈರ್ಯವೂ ಇಲ್ಲ. ಏನು ಮಾಡಲಿ?
— ಹೆಸರು ಬೇಡ, ರೆಡಿಂಗ್

ಉತ್ತರ: ನೀವು ಆರಿಸಿದ ಗಾಡಿಯಲ್ಲಿ ತಪ್ಪಿಲ್ಲ, ಕೆಲಸ ಹಿಡಿದ ಕ್ರಮದಲ್ಲಿದೆ. ಮನೆಯಲ್ಲಿ ಹಳೆ ಕಾರು ರಿಪೇರಿ ಮಾಡುವವರು ಹೆಚ್ಚಾಗಿ ಸೋಲುವುದು ಇಲ್ಲೇ. ಬಿಚ್ಚಲು ಒಂದು ವಾರಾಂತ್ಯ ಸಾಕು, ಜೋಡಿಸಲು ವರ್ಷ ಸಾಲದು. ಆದ್ದರಿಂದ ಇವತ್ತಿನಿಂದ ಒಂದೇ ನಿಯಮ: ಹಿಡಿದ ಕೆಲಸ ಮುಗಿಯದೆ ಇನ್ನೊಂದು ಬೋಲ್ಟ್ ಸಡಿಲಿಸಬೇಡಿ.

ಗಾಡಿಯ ಬಗ್ಗೆ ಧೈರ್ಯ ತಂದುಕೊಳ್ಳಲು ಕಾರಣಗಳಿವೆ. ಅರವತ್ತರ ದಶಕದ ಲೋಟಸ್ ಎಲಾನ್‌ನಂಥ ಹಗುರ ಬ್ರಿಟಿಷ್ ಕಾರುಗಳ ಗುಣವನ್ನು, ಅವುಗಳ ಕಿರಿಕಿರಿಯಿಲ್ಲದೆ ಕೊಡಬೇಕೆಂದು ಜಪಾನಿನವರು ಮಾಡಿದ ಕಾರು ಇದು. 1989ರಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಹೊರಬಂತು. ತೂಕ ಒಂದು ಟನ್ನಿಗಿಂತ ಕಡಿಮೆ. ಎಂಜಿನ್ ಮುಂದೆ, ಓಟ ಹಿಂದಿನ ಚಕ್ರಗಳಿಗೆ. ಸಾಧಾರಣ ಪಾನಾ ಸೆಟ್ ಹಿಡಿದವನೂ ಕೈಹಾಕಬಹುದಾದ ಯಂತ್ರ. 2016ರ ಹೊತ್ತಿಗೆ ಎಲ್ಲ ಪೀಳಿಗೆಗಳೂ ಸೇರಿ ಹತ್ತು ಲಕ್ಷ ಕಾರು ತಯಾರಾದ್ದರಿಂದ ಬಿಡಿಭಾಗಗಳಿಗೆ ಬರವಿಲ್ಲ. 2017ರಲ್ಲಿ ಮಾಜ್ದಾ ಕಂಪನಿಯೇ ಜಪಾನಿನಲ್ಲಿ ನಿಮ್ಮ ಪೀಳಿಗೆಯ ಕಾರುಗಳನ್ನು ನವೀಕರಿಸಿಕೊಡುವ ಯೋಜನೆ ಪ್ರಕಟಿಸಿ, ಮಡಚುವ ಟಾಪ್‌ನಂಥ ಭಾಗಗಳನ್ನು ಮತ್ತೆ ತಯಾರಿಸಲು ಹೊರಟಿತು.

ಈಗ ತೂತಿನ ವಿಚಾರ. ಅದು ಈ ಕಾರಿನ ಪ್ರಸಿದ್ಧ ರೋಗ. ಟಾಪ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಎರಡು ಮೂಲೆಗಳ ಕೊಳವೆಗಳಲ್ಲಿ ಇಳಿದು ಹೊರಹೋಗಬೇಕು. ತರಗೆಲೆ, ಮಣ್ಣು ಕಟ್ಟಿಕೊಂಡರೆ ನೀರು ಒಳಗೇ ನಿಂತು, ಹಿಂದಿನ ಚಕ್ರದ ಮುಂಭಾಗದಲ್ಲಿ ಸಿಲ್ ಒಳಗಿನಿಂದ ಕೊಳೆಯುತ್ತದೆ. ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ಒಳಪದರ ಅರ್ಧ ಹೋಗಿರುತ್ತದೆ. ಹಾಗಾಗಿ ಮೊದಲು ಆ ಕೊಳವೆಗಳನ್ನು ಬಗ್ಗುವ ಪ್ಲಾಸ್ಟಿಕ್ ಬ್ರಷ್ಷಿನಿಂದ ಶುಚಿಮಾಡಿ. ಗಟ್ಟಿ ತಂತಿ ತೂರಿಸಿದರೆ ಕೊಳವೆಯೇ ಹರಿದೀತು. ಇದನ್ನು ಮಾಡದೆ ಹಾಕಿದ ವೆಲ್ಡಿಂಗ್ ಕೆಲವು ಮಳೆಗಾಲಗಳಲ್ಲೇ ಹೋಗುತ್ತದೆ.

ಸಿಲ್ ವೆಲ್ಡಿಂಗನ್ನು ನೀವೇ ಮಾಡಬೇಡಿ. ಛಾವಣಿಯಿಲ್ಲದ ಕಾರಿನಲ್ಲಿ ಬಾಡಿ ಬಾಗದಂತೆ ಹಿಡಿದಿಡುವುದೇ ಸಿಲ್‌ಗಳು. ಸರಿಯಾದ ಆಧಾರ ಕೊಡದೆ ಎರಡೂ ಬದಿ ಒಟ್ಟಿಗೆ ಕತ್ತರಿಸಿದರೆ ಬಾಡಿ ಜಗ್ಗಿ, ಆಮೇಲೆ ಬಾಗಿಲುಗಳೇ ಕೂರುವುದಿಲ್ಲ. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗುವ, ಕೊಳೆತ ಒಳಪದರವನ್ನೂ ತೆಗೆದು ಹೊಸ ತಗಡು ಹಾಕುವ ಅನುಭವಿಯನ್ನು ಹುಡುಕಿ. ಪುಟ್ಟಿ ಮೆತ್ತಿ ಬಣ್ಣ ಹೊಡೆದುಕೊಡುತ್ತೇನೆಂದವನನ್ನು ದೂರವಿಡಿ. ಅಲ್ಲಿನ ವಾರ್ಷಿಕ ಎಂಒಟಿ ತಪಾಸಣೆಯಲ್ಲಿ ಭಾರ ಹೊರುವ ಭಾಗಕ್ಕೆ ಪುಟ್ಟಿ, ಫೈಬರ್ ನಡೆಯುವುದಿಲ್ಲ. ತೇಪೆಯ ಅಂಚಿನುದ್ದಕ್ಕೂ ಬಿಡುವಿಲ್ಲದ ವೆಲ್ಡಿಂಗ್ ಇರಬೇಕು. ನಲವತ್ತು ವರ್ಷ ದಾಟಿದ ಕಾರುಗಳಿಗೆ ಸಿಗುವ ವಿನಾಯಿತಿಗೆ ನಿಮ್ಮದು ಇನ್ನೂ ಬಂದಿಲ್ಲ. ಕಾರ್ಪೆಟ್, ಸೀಟು ಈಗಾಗಲೇ ಹೊರಗಿರುವುದು ವೆಲ್ಡರ್‌ಗೆ ಅನುಕೂಲವೇ. ಬ್ರೇಕ್ ಇಲ್ಲದ ಗಾಡಿಯಾದ್ದರಿಂದ ಟ್ರೈಲರ್ ಮೇಲೆ ಕಳಿಸಿ. ರಸ್ತೆಗಿಳಿಸುವವರೆಗೆ ಸಾರಿಗೆ ಇಲಾಖೆಗೆ ಎಸ್‌ಒಆರ್‌ಎನ್ (ಗಾಡಿ ರಸ್ತೆಯಲ್ಲಿಲ್ಲವೆಂಬ) ಘೋಷಣೆ ಕೊಟ್ಟಿದ್ದೀರಾ ಎಂದೂ ನೋಡಿಕೊಳ್ಳಿ.

ಕಾರು ವೆಲ್ಡರ್ ಬಳಿ ಇರುವಾಗ ಡಬ್ಬಗಳನ್ನು ಹರವಿ ಕೂರಿ. ಬ್ರೇಕಿನದು, ಸೀಟಿನದು, ಬಂಪರಿನದು ಎಂದು ಬೇರೆಬೇರೆ ಚೀಲಕ್ಕೆ ಹಾಕಿ ಚೀಟಿ ಅಂಟಿಸಿ. ಗುರುತು ಸಿಗದ್ದಕ್ಕೆ ವರ್ಕ್‌ಶಾಪ್ ಮ್ಯಾನ್ಯುಯಲ್ಲಿನ ಚಿತ್ರ ನೋಡಿ. ಮುಂದೆ ಏನೇ ಬಿಚ್ಚಿದರೂ ಮೊದಲು ಫೋಟೊ, ಆಮೇಲೆ ಪಾನಾ.

ಸಿಲ್ ಆದಮೇಲೆ ಬ್ರೇಕ್. ಹಿಂದಿನ ಕ್ಯಾಲಿಪರುಗಳು ಜಾರುವ ಪಿನ್ನುಗಳು ಜಡ್ಡುಗಟ್ಟಿರುತ್ತವೆ. ಅವನ್ನು ಶುಚಿಮಾಡಿ, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿ, ಹರಿದ ರಬ್ಬರ್ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಈಗಿನದನ್ನು ಪೂರ್ತಿ ಬದಲಿಸಿ, ಮುಂದೆ ಎರಡು ವರ್ಷಕ್ಕೊಮ್ಮೆ. ಜೋಡಿಸಿದ ಮೇಲೆ ಒಬ್ಬ ವೃತ್ತಿಪರ ಮೆಕ್ಯಾನಿಕ್‌ಗೆ ತೋರಿಸದೆ ರಸ್ತೆಗೆ ಇಳಿಯಬೇಡಿ. ಕಾರಿನಡಿ ಹೋಗುವಾಗಲೂ ಅಷ್ಟೇ ಕಟ್ಟುನಿಟ್ಟು: ಬರೀ ಜಾಕಿಯನ್ನು ನಂಬಿ ತಲೆ ತೂರಿಸಬಾರದು, ಆಕ್ಸಲ್ ಸ್ಟ್ಯಾಂಡ್ ಇರಲೇಬೇಕು, ಮನೆಯಲ್ಲಿ ಒಬ್ಬರಿಗೆ ಹೇಳಿರಬೇಕು.

ಮೂರನೆಯದು ಎಂಜಿನ್. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತೆಂಬ ಚೀಟಿ ಇಲ್ಲದಿದ್ದರೆ ಈಗಲೇ ಬದಲಿಸಿ, ಜೊತೆಗೆ ವಾಟರ್ ಪಂಪನ್ನೂ. ಬೆಲ್ಟ್ ಕಡಿದರೂ ಈ 1.6 ಎಂಜಿನ್ನಿನ ವಾಲ್ವುಗಳು ಪಿಸ್ಟನ್‌ಗೆ ಬಡಿಯುವುದಿಲ್ಲ, ಗಾಡಿ ನಿಂತುಹೋಗುತ್ತದೆ ಅಷ್ಟೇ. ಆದರೆ ನಿಮ್ಮದು 1991ರದ್ದಾದ್ದರಿಂದ ಒಂದನ್ನು ಖಾತರಿ ಮಾಡಿಕೊಳ್ಳಿ. ಕ್ರ್ಯಾಂಕಿನ ಪುಲ್ಲಿಯಲ್ಲಿ ನಾಲ್ಕು ಸೀಳುಗಳಿದ್ದರೆ ಅದು ಗಿಡ್ಡ ಮೂಗಿನ ಹಳೆಯ ಕ್ರ್ಯಾಂಕ್, ಎಂಟಿದ್ದರೆ ಸುಧಾರಿಸಿದ್ದು. ಹಳೆಯದರಲ್ಲಿ ಕ್ರ್ಯಾಂಕಿನ ತುದಿಯ ಬೋಲ್ಟ್ ಸಡಿಲಾದರೆ ಚಾವಿ ಕೂರುವ ಸೀಳು ಸವೆದು ಕ್ರ್ಯಾಂಕೇ ಹಾಳಾಗುತ್ತದೆ. ಹೊಸ ಬೋಲ್ಟ್ ಹಾಕಿ, ಟಾರ್ಕ್ ಪಾನಾದಿಂದ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿಮಾಡಿ. ಚಾಲೂ ಮಾಡಿದಾಗ ಟಪ್ಪೆಟ್ ಟಕಟಕ ಎಂದರೆ ಹೆದರಿ ಮತ್ತೆ ಎಂಜಿನ್ ಬಿಚ್ಚಬೇಡಿ. ಹೊಸ ಆಯಿಲ್ ಹಾಕಿ ನಾಲ್ಕು ದಿನ ಓಡಿಸಿ ನೋಡಿ. ಬ್ಯಾಟರಿ ಈ ಕಾರಿನ ಡಿಕ್ಕಿಯಲ್ಲಿದೆ. ಅನಿಲ ಹೊರಹೋಗುವ ಕೊಳವೆಯಿರುವ ಸರಿಯಾದ ಜಾತಿಯದನ್ನೇ ಹಾಕಿ, ಇಲ್ಲವಾದರೆ ಡಿಕ್ಕಿಯೂ ತುಕ್ಕಿಗೆ ಬಲಿ.

ಬಣ್ಣ, ಸೀಟಿನ ಬಟ್ಟೆ, ಹೊಳೆಯುವ ಚಕ್ರ ಇವೆಲ್ಲ ಎಂಒಟಿ ಪಾಸಾದ ಮೇಲೆ. ಓಡುವ ಗಾಡಿಯನ್ನು ಚಂದಗಾಣಿಸಲು ಉತ್ಸಾಹ ತಾನೇ ಬರುತ್ತದೆ. ಹಾಗೆಯೇ ‘ಹೊಸದರಂತೆ’ ಎಂಬ ಗುರಿಯನ್ನೂ ಕೈಬಿಡಿ. ಮೂವತ್ತು ವರ್ಷ ದಾಟಿದ ಕಾರು ಭದ್ರವಾಗಿ, ನಂಬಿಕೆಯಿಂದ ಓಡಿದರೆ ಅದೇ ದೊಡ್ಡದು.

ಇನ್ನು ಮನೆಯವರ ಮಾತು. ನಿಮ್ಮಾಕೆಗೆ ಕಾರಿನ ಮೇಲೆ ದ್ವೇಷವಿದೆಯೆಂದು ನನಗೆ ಅನ್ನಿಸುವುದಿಲ್ಲ. ಕೊನೆಯೇ ಕಾಣದ ಖರ್ಚು ಮತ್ತು ಗೈರುಹಾಜರಿ ಯಾರಿಗಾದರೂ ಬೇಸರ ತರಿಸುತ್ತವೆ. ಅವರೆದುರು ಮೂರು ಸಂಗತಿ ಇಡಿ: ವಾರದಲ್ಲಿ ಯಾವ ಅರ್ಧ ದಿನ ಗ್ಯಾರೇಜು, ತಿಂಗಳಿಗೆ ಎಷ್ಟು ಹಣ, ಯಾವ ತಿಂಗಳಿಗೆ ಎಂಒಟಿ. ಒಪ್ಪಿದ ಮೇಲೆ ಅದನ್ನು ಮೀರಬೇಡಿ. ಈ ಹವ್ಯಾಸದಲ್ಲಿ ಅವರೂ ಪಾಲುಗೊಳ್ಳಲಿ ಎಂದು ಒತ್ತಾಯಿಸುವುದೂ ಬೇಡ.

ಮಾರುವ ತೀರ್ಮಾನವನ್ನು ಲೆಕ್ಕಕ್ಕೆ ಬಿಡಿ. ಎರಡು ಕಡೆ ವೆಲ್ಡಿಂಗ್ ಅಂದಾಜು ತೆಗೆದುಕೊಳ್ಳಿ, ಅದಕ್ಕೆ ಬ್ರೇಕ್ ಮತ್ತು ಬೆಲ್ಟಿನ ಖರ್ಚು ಸೇರಿಸಿ. ಅದೇ ವರ್ಷದ, ತುಕ್ಕಿಲ್ಲದ, ಓಡುವ ಎಂಎಕ್ಸ್-5 ಅದಕ್ಕಿಂತ ಕಡಿಮೆಗೆ ಸಿಗುವುದಾದರೆ, ತೂತನ್ನು ಮುಚ್ಚಿಡದೆ ಹೇಳಿ ನಿಮ್ಮದನ್ನು ಮಾರಿ, ಒಳ್ಳೆಯದನ್ನು ಕೊಳ್ಳಿ. ಅದರಲ್ಲೂ ಕೈ ಕೊಳೆ ಮಾಡಿಕೊಳ್ಳಲು ಬೇಕಾದಷ್ಟು ಕೆಲಸವಿರುತ್ತದೆ. ಅಂದಾಜು ಕಡಿಮೆಯಿದ್ದರೆ ಮುಗಿಸಿ. ಎರಡರಲ್ಲಿ ಯಾವುದಾದರೂ ಸರಿ, ಗುಜರಿಯ ಮಾತೆತ್ತಿದ ಅಪ್ಪನಿಗೆ ಈ ಸಲ ನೀವು ಅಂಕಿ ಸಮೇತ ಉತ್ತರ ಕೊಡಬಲ್ಲಿರಿ.