ಕಿಟ್ ಕೊಳ್ಳುವ ಮುನ್ನ ಚಿಪ್ಪಿನ ನಂಬರ್ ಓದಿ

ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬುವ ಚಿಪ್) ಕಿಟ್ ಮಾರುವವರು ಮೊದಲು ಹೇಳುವುದು ಪೆಟ್ಟಿಗೆಯಲ್ಲಿ ಎಷ್ಟು ಸಾಮಾನಿದೆ ಎಂಬುದನ್ನು. ಚಿಪ್ ಯಾವುದೆಂದು ಹೇಳುವುದು ಕೊನೆಗೆ, ಅದೂ ನಾವು ಕೇಳಿದರೆ. ಶಿವಮೊಗ್ಗದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ಅಣ್ಣನ ಮಗಳು, ಸೀನಿಯರ್ ಒಬ್ಬನಿಂದ ಕೊಳ್ಳಬೇಕೆಂದಿದ್ದ ಕಿಟ್ಟನ್ನು ರಜೆಯಲ್ಲಿ ನಮ್ಮೂರು ಕುಪ್ಪಗಡ್ಡೆಗೆ ತಂದಾಗಲೂ ಹಾಗೇ ಆಯಿತು. "ಚಿಕ್ಕಪ್ಪ, ಮೋಟರ್ ಇದೆ, ಡಿಸ್‌ಪ್ಲೇ ಇದೆ, ಕೀಪ್ಯಾಡ್ ಇದೆ, ಸೆನ್ಸರ್ ಇದೆ. ಇಷ್ಟಕ್ಕೆ ಈ ರೇಟು ಕಮ್ಮಿ ಅಲ್ವಾ?"

ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಮಾಡಿ ದರ ಕಟ್ಟುವ ಸೀಮೆ ನಮ್ಮದು. ಕಿಟ್ಟನ್ನೂ ಹಾಗೇ ಜಗಲಿಯ ಮೇಲೆ ಸುರಿದು ವಿಂಗಡಿಸಿದೆವು. ಸ್ಟೆಪ್ಪರ್ ಮೋಟರ್ ಮತ್ತು ಅದರ ಡ್ರೈವರ್, 16×2 ಎಲ್‌ಸಿಡಿ, ಕೀಪ್ಯಾಡ್, ಒಂದು ಹಿಡಿ ಜಂಪರ್ ವೈರ್. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒಂದೊಂದೂ ನೂರಿನ್ನೂರರೊಳಗೆ ಸಿಗುವಂಥವು. ಕರ್ನಾಟಕದಲ್ಲಿ ಇಂಥ ಕಿಟ್‌ಗಳೊಳಗೆ ಮೋಟರ್ ಯಾಕಿರುತ್ತದೆ ಎಂದರೆ, ವಿಟಿಯು ಎಚ್‌ಡಿಎಲ್ ಲ್ಯಾಬ್‌ನ ಪಟ್ಟಿಯಲ್ಲಿ ಸ್ಟೆಪ್ಪರ್ ಮೋಟರ್, ಡಿಸಿ ಮೋಟರ್, ಎಲಿವೇಟರ್ ಪ್ರಯೋಗಗಳಿದ್ದವು. ಲ್ಯಾಬ್ ರೆಕಾರ್ಡ್ ಬರೆಯುವುದಕ್ಕೆ ಬೇಕಾದದ್ದೆಲ್ಲ ಡಬ್ಬಿಯಲ್ಲಿ ಬಂದು ಕೂತಿದೆ, ಅಷ್ಟೆ.

ಇನ್ನು ಬೋರ್ಡು. ಚಿಪ್ಪಿನ ಮೇಲಿನ ಸಣ್ಣಕ್ಷರವನ್ನು ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಓದಿದೆವು: ಎಕ್ಸ್‌ಸಿ6ಎಸ್‌ಎಲ್‌ಎಕ್ಸ್9. ಅಂದರೆ ಸ್ಪಾರ್ಟನ್-6. ಚಿಪ್ ಮಾಡಿದ ಕಂಪನಿಯ ಲೆಕ್ಕದಲ್ಲಿ ಇದಕ್ಕೆ 9,152 ಲಾಜಿಕ್ ಸೆಲ್. ಅದು ಹಿಗ್ಗಿಸಿ ಹೇಳುವ ಸಂಖ್ಯೆ. ನಿಜಕ್ಕೂ ಒಳಗಿರುವುದು ಆರು ಇನ್‌ಪುಟ್‌ನ 5,720 ಲುಕ್‌ಅಪ್ ಟೇಬಲ್. ಕಲಿಯುವವರಿಗೆ ಅದೇನೂ ಕಡಿಮೆಯಲ್ಲ. ತೊಡಕಿರುವುದು ಸಾಫ್ಟ್‌ವೇರ್‌ನಲ್ಲಿ. ಆ ಕಂಪನಿಯ ಈಗಿನ ಟೂಲ್ ವಿವಾಡೊ 7-ಸೀರೀಸ್‌ನಿಂದ ಈಚಿನ ಚಿಪ್‌ಗಳಿಗೆ ಮಾತ್ರ. ಸ್ಪಾರ್ಟನ್-6ಕ್ಕೆ ಹಳೆಯ ಐಎಸ್‌ಇಯೇ ಗತಿ, ಅದರ ಕೊನೆಯ ಆವೃತ್ತಿ 14.7 ಬಂದದ್ದು 2013ರಲ್ಲಿ. ವಿಂಡೋಸ್ 10ಕ್ಕೆಂದು ಕಂಪನಿ ಕೊಟ್ಟದ್ದೂ ವರ್ಚುವಲ್ ಮಷೀನ್‌ನೊಳಗೆ ಓಡುವಂಥದ್ದು. ಕೊಳ್ಳುವ ದಿನವೇ ಟೂಲ್ ನಿಂತುಹೋಗಿರುವ ಚಿಪ್ಪಿಗೆ ಹೊಸ ಬೋರ್ಡಿನ ಬೆಲೆ ಕೊಡಲು ನನಗೆ ಮನಸ್ಸಾಗುವುದಿಲ್ಲ.

ಆದರೆ ಕಿಟ್ಟಿನ ಯೋಗ್ಯತೆ ಪೂರಾ ಗೊತ್ತಾದದ್ದು ಆ ಅಲ್ಟ್ರಾಸಾನಿಕ್ ಸೆನ್ಸರ್‌ನಿಂದ. ಎಚ್‌ಸಿ-ಎಸ್‌ಆರ್04. ಅದು ಓಡುವುದು 5 ವೋಲ್ಟ್‌ನಲ್ಲಿ, ಎಕೋ ಪಿನ್ನಿನಿಂದ ಹೊರಬರುವುದೂ 5 ವೋಲ್ಟೇ. ಬೋರ್ಡಿನ ಪಿನ್‌ಗಳು 3.3 ವೋಲ್ಟಿನವು, ಸ್ಪಾರ್ಟನ್-6 ಪಿನ್ 5 ವೋಲ್ಟ್ ತಾಳುವುದಿಲ್ಲ. ನಡುವೆ ಲೆವೆಲ್ ಶಿಫ್ಟರ್ ಬೇಕು, ಇಲ್ಲವೇ 1 ಕೆ ಮತ್ತು 2 ಕೆ ಓಮ್‌ನ ಎರಡು ರೆಸಿಸ್ಟರ್ ಹಾಕಿ 5ನ್ನು 3.3ಕ್ಕೆ ಇಳಿಸಬೇಕು. ಪೆಟ್ಟಿಗೆ ಜಾಲಾಡಿದರೂ ಎರಡೂ ಇಲ್ಲ. ಜೊತೆಗಿದ್ದ ಪೆನ್‌ಡ್ರೈವ್‌ನಲ್ಲಿ ಪಿನ್ ಫೈಲ್ ಇತ್ತು. ಅದರಲ್ಲಿ ಎಲ್‌ಇಡಿ, ಸ್ವಿಚ್‌ಗಳ ಹೆಸರಿತ್ತು, ಸೆನ್ಸರ್‌ನದಾಗಲಿ ಕೀಪ್ಯಾಡ್‌ನದಾಗಲಿ ಇರಲಿಲ್ಲ. ಕಟ್ಟಿ ಕಳಿಸಿದವರು ಒಮ್ಮೆಯೂ ಇವನ್ನು ಜೋಡಿಸಿ ನೋಡಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಅಲ್ಲಿಂದೀಚೆಗೆ ಯಾರು ಕಿಟ್ ತೋರಿಸಿದರೂ ನಾನು ಮೊದಲು ಕೇಳುವುದು ಸ್ಕೀಮ್ಯಾಟಿಕ್ ಮತ್ತು ಪಿನ್ ಫೈಲ್. ಪ್ರತಿ ಬಿಡಿ ಸಾಮಾನಿಗೂ ಅಲ್ಲಿ ಒಂದು ಸಾಲಿದ್ದರೆ ಅದು ಕಿಟ್. ಇಲ್ಲದಿದ್ದರೆ ಬೋರ್ಡಿನ ಜೊತೆ ಗಂಟುಹಾಕಿದ ಬಿಡಿ ಸಾಮಾನು.

ಊರಿನಲ್ಲಿ ಕೂತು ಕೆಲಸ ಮಾಡುವವರು ಇನ್ನೊಂದನ್ನು ನೋಡಬೇಕು. ಈ ಬಗೆಯ ಎಫ್‌ಪಿಜಿಎಯೊಳಗಿನ ವಿನ್ಯಾಸ ಕರೆಂಟ್ ಹೋದ ಕೂಡಲೇ ಅಳಿಸಿಹೋಗುತ್ತದೆ. ಬೋರ್ಡಿನ ಮೇಲೆ ಫ್ಲ್ಯಾಶ್ ಇದ್ದರೆ ಕರೆಂಟ್ ಬಂದಾಗ ತಾನೇ ಲೋಡ್ ಆಗುತ್ತದೆ. ಸೊರಬದ ಕಡೆ ಮಳೆಗಾಲ ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಯುಎಸ್‌ಬಿಯಿಂದಲೇ ಓಡುವ ಬೋರ್ಡಾದರೆ ಲ್ಯಾಪ್‌ಟಾಪ್ ಬ್ಯಾಟರಿ ಇರುವ ತನಕ ಚಿಂತೆಯಿಲ್ಲ. ಡೌನ್‌ಲೋಡ್‌ನ ಲೆಕ್ಕವೂ ಇದೆ: ವಿವಾಡೊ ಹತ್ತಾರು ಜಿಬಿ. ನಮ್ಮ ಮನೆಯ ನೆಟ್ಟಿನಲ್ಲಿ ಅದನ್ನು ಇಳಿಸುವ ಹೊತ್ತಿಗೆ ಹುಡುಗಿಯ ರಜೆ ಮುಗಿದಿರುತ್ತದೆ.

ಲೈಸೆನ್ಸ್ ವೋಚರ್ ಸೇರಿಸಿ ಬೆಲೆ ಏರಿಸಿದ್ದರೆ ಅದನ್ನೂ ಬಿಡಿಸಿ ನೋಡಬೇಕು. ಆರ್ಟಿ ಎಂಬ ಬೋರ್ಡಿನ ಜೊತೆ ಹಿಂದೆ ಅದೊಂದೇ ಚಿಪ್ಪಿಗೆ ಕಟ್ಟಿದ ವೋಚರ್ ಬರುತ್ತಿತ್ತು. ಅದರಿಂದ ಸಿಗುತ್ತಿದ್ದ ಲಾಜಿಕ್ ಅನಲೈಜರ್ ಮುಂದೆ ವಿವಾಡೊದ ಉಚಿತ ಆವೃತ್ತಿಗೇ ಸೇರಿಕೊಂಡಿತು. ಆರ್ಟಿಯ ಹೆಚ್ಚುಗಾರಿಕೆ ಬೇರೆ ಕಡೆಯಿದೆ: ಐಐಟಿ ಮದ್ರಾಸ್‌ನ ಶಕ್ತಿ ಪ್ರೊಸೆಸರ್‌ನ ಇ-ಕ್ಲಾಸನ್ನು ಆರ್ಟಿ ಎ7-35ಟಿ ಮೇಲೆ, ಸಿ-ಕ್ಲಾಸನ್ನು 100ಟಿ ಮೇಲೆ ಓಡಿಸಬಹುದು. ಬೇರೆಯವರು ಅಷ್ಟು ಕೆಲಸ ಮಾಡಿಟ್ಟಿರುವ ಬೋರ್ಡಿಗೆ ಒಂದಿಷ್ಟು ಜಾಸ್ತಿ ಕೊಡುವುದರಲ್ಲಿ ಅರ್ಥವಿದೆ.

ಕಿಟ್ ಸೀನಿಯರ್‌ಗೆ ವಾಪಸ್ ಹೋಯಿತು. ಅವಳು ತರಿಸಿಕೊಂಡದ್ದು ಟ್ಯಾಂಗ್ ನ್ಯಾನೊ 9ಕೆ: ನಾಲ್ಕು ಇನ್‌ಪುಟ್‌ನ 8,640 ಲುಕ್‌ಅಪ್ ಟೇಬಲ್, ಚಿಪ್ಪಿನೊಳಗೇ ಫ್ಲ್ಯಾಶ್, ಎಚ್‌ಡಿಎಂಐ. ಯೋಸಿಸ್‌ನಂಥ ಮುಕ್ತ ತಂತ್ರಾಂಶದಲ್ಲೂ ನಡೆಯುತ್ತದೆ. ಇದರಲ್ಲೂ ಕೆಲವು ಪಿನ್‌ಗಳು 1.8 ವೋಲ್ಟಿನವು, ಎಲ್ಲೆಂದರಲ್ಲಿ ವೈರ್ ಚುಚ್ಚುವಂತಿಲ್ಲ. ಸ್ಕೀಮ್ಯಾಟಿಕ್ ಪ್ರಿಂಟ್ ಹಾಕಿಸಿ, ಆ ಪಿನ್‌ಗಳಿಗೆ ಕೆಂಪು ಗುರುತು ಮಾಡಿಕೊಂಡೇ ಅವಳು ಮೊದಲ ಎಲ್‌ಇಡಿ ಉರಿಸಿದ್ದು. ಸ್ಟೆಪ್ಪರ್ ಮೋಟರ್ ಮಾತ್ರ ಬೇಕೇ ಬೇಕಂತೆ. ಬೆಂಗಳೂರಿಗೆ ಹೋಗುವವರ ಕೈಲಿ ಹೇಳಿ ಕಳಿಸಿದ್ದೇವೆ.